ಬಲರೆಕ್ಕೆಯ ಅರ್ಧ ನಿಮಿಷ

ವಿಮಾನ ಓಡಿಸಲು ಕಲಿಯಬಂದವರನ್ನು ರಕ್ಷಾ ಮೊದಲ ವಾರ ಹಾರಲು ಬಿಡುತ್ತಿರಲಿಲ್ಲ, ನಡೆಸುತ್ತಿದ್ದಳು. ನಿಂತ ವಿಮಾನದ ಸುತ್ತ ಮೂತಿಯಿಂದ ಶುರುಮಾಡಿ ಎಡರೆಕ್ಕೆ, ಬಾಲ, ಬಲರೆಕ್ಕೆ, ಮತ್ತೆ ಮೂತಿ. ಒಂದೊಂದು ಕಡೆಯೂ ನಿಂತು, ಕೈಯಿಂದ ಮುಟ್ಟಿ, ಬಾಯಿಬಿಟ್ಟು ಹೇಳಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೂತಿಯಿಂದಲೇ ಶುರು. ಫೋನುಗಳೆಲ್ಲ ಆಫೀಸಿನ ಮೇಜಿನ ಡ್ರಾಯರಿನಲ್ಲಿರಬೇಕು.

"ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಿದೆ ಅನ್ಕೋತೀರ. ನೆನಪಿರಲ್ಲ. ಮಾಡಿದೀನಿ ಅನ್ನೋ ಧೈರ್ಯ ಮಾತ್ರ ಇರುತ್ತೆ," ಎನ್ನುತ್ತಿದ್ದಳು. ಹುಡುಗರು ಹಿಂದಿನಿಂದ ಅವಳನ್ನು ಪ್ರದಕ್ಷಿಣೆ ಮೇಡಂ ಎಂದು ಕರೆಯುವುದು ಅವಳಿಗೂ ಗೊತ್ತಿತ್ತು. ಅದರಿಂದ ಅವಳಿಗೆ ಒಳಗೊಳಗೆ ಹೆಮ್ಮೆಯೇ ಇತ್ತು.

ಆ ವಿಮಾನ ಶಾಲೆ ಗೌಡಗೆರೆಯಿಂದಾಚೆ, ಕಡಲೆಕಾಯಿ ಹೊಲಗಳ ನಡುವೆ ಇತ್ತು. ಒಂದು ಡಾಂಬರು ಪಟ್ಟಿ, ತಗಡಿನ ಒಂದು ದೊಡ್ಡ ಶೆಡ್ಡು, ಎರಡು ಹಳೆಯ ವಿಮಾನ. ನಡೆಸುತ್ತಿದ್ದವರು ಕ್ಯಾಪ್ಟನ್ ಚಂದ್ರಶೇಖರ್. ಮಧುಗಿರಿಯ ರಕ್ಷಾ ಅಲ್ಲಿ ಐದು ವರ್ಷದಿಂದ ಕಲಿಸುತ್ತಿದ್ದಳು. ವಿಮಾನಗಳ ರಿಪೇರಿ ಅಂಜಿನಮೂರ್ತಿಯದು. ಪಕ್ಕದ ಹಟ್ಟಿಯ ಕುರಿ ಸಾಕುವ ಮಾರಣ್ಣನ ಹಿರಿಮಗ ಅವನು. ಸಿರಾದಲ್ಲಿ ಐಟಿಐ ಓದಿ, ಕೆಲವು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ, ಆಮೇಲೆ ಇಲ್ಲಿ ಒಬ್ಬ ಮುದಿ ಇಂಜಿನಿಯರ್ ಹತ್ತಿರ ಕೆಲಸ ಕಲಿತಿದ್ದ. ಇಂಜಿನ್ನಿನ ಸದ್ದು ಒಂದು ಕೂದಲೆಳೆ ಬದಲಾದರೂ ಅವನು ಕತ್ತು ವಾಲಿಸಿ ನಿಂತುಬಿಡುತ್ತಿದ್ದ. ವಯಸ್ಸಿನಲ್ಲಿ ರಕ್ಷಾಳಿಗಿಂತ ಐದು ವರ್ಷ ದೊಡ್ಡವನು. ಅವಳು ಅವನನ್ನು ಮೂರ್ತಣ್ಣ ಎನ್ನುತ್ತಿದ್ದಳು.

ಆ ವರ್ಷ ಮಳೆ ಚೆನ್ನಾಗಿತ್ತು. ಮದಲೂರು ಕೆರೆ ತುಂಬಿ ಕೋಡಿ ಬಿತ್ತು. ಬಾಗಿನ ಕೊಡಲು ದೊಡ್ಡ ನಾಯಕರೊಬ್ಬರು ಬರುವುದೆಂದಾಯಿತು. ಅವರು ಕೆರೆ ಏರಿಯ ಮೇಲೆ ನಿಂತಾಗ ಆಕಾಶದಿಂದ ಹೂವು ಸುರಿಯಬೇಕು ಎಂದು ಸಮಾರಂಭದ ಉಸ್ತುವಾರಿ ಹೊತ್ತ ಚನ್ನಮಲ್ಲಯ್ಯನಿಗೆ ಹೊಳೆಯಿತು. ಕ್ಯಾಪ್ಟನ್ ಒಪ್ಪಿಕೊಂಡರು. ರಕ್ಷಾ ಹಾರಿಸುವುದು, ಅಂಜಿನಮೂರ್ತಿ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಹೂವು ಎರಚುವುದು ಎಂದು ಗೊತ್ತಾಯಿತು.

ಹಿಂದಿನ ರಾತ್ರಿಯೆಲ್ಲ ಮಳೆ ಹುಯ್ದಿತ್ತು. ಶೆಡ್ಡಿನಲ್ಲಿ ಇನ್ನೊಂದು ವಿಮಾನದ ಇಂಜಿನ್ ಬಿಚ್ಚಿಟ್ಟಿದ್ದರಿಂದ ನಾಲ್ಕು ಸೀಟಿನ ಈ ವಿಮಾನ ಹೊರಗೇ ನೆನೆದಿತ್ತು.

"ಮೇಡಂ, ಬಲಗಡೆ ಟ್ಯಾಂಕ್ ಮುಚ್ಚಳದ ರಬ್ಬರು ಬಿರುಕು ಬುಟ್ಟೈತೆ," ಎಂದ ಅಂಜಿನಮೂರ್ತಿ ಅವಳು ಬಂದಕೂಡಲೆ. "ಹೊಸದು ತರಿಸ್ರಿ ಅಂತ ಕ್ಯಾಪ್ಟನ್ ಸಾಹೇಬ್ರಿಗೆ ಎರಡ್ ಸಲ ಯೋಳಿದೀನಿ. ಬೆಳಗ್ಗೆ ನಾನು ಎರಡೂ ಕಡೆ ನೀರು ತೆಗ್ದೆ. ಆಮ್ಯಾಲೂ ಮಳೆ ಬಂತಲ್ಲ, ನೀವ್ ಇನ್ನೊಂದ್ ಸಲ ನೋಡ್ಕಂಬುಡಿ."

ಪೆಟ್ರೋಲಿಗಿಂತ ನೀರು ಭಾರ, ಟ್ಯಾಂಕಿನ ತಳಕ್ಕೆ ಹೋಗಿ ಕೂರುತ್ತದೆ. ರೆಕ್ಕೆಯ ಕೆಳಗಿನ ಸಣ್ಣ ಗುಂಡಿಗೆ ಗಾಜಿನಂಥ ಒಂದು ಲೋಟ ಒತ್ತಿದರೆ ತಳದಲ್ಲಿರುವುದು ಮೊದಲು ಇಳಿಯುತ್ತದೆ. ವಿಮಾನದ ಪೆಟ್ರೋಲಿಗೆ ತೆಳು ನೀಲಿ ಬಣ್ಣ. ಅದರಡಿ ಬಣ್ಣವಿಲ್ಲದ ಗುಳ್ಳೆ ಕಂಡರೆ ನೀರು. ಅದು ಹೋಗುವ ತನಕ ಇಳಿಸುತ್ತಲೇ ಇರಬೇಕು, ಇಲ್ಲವಾದರೆ ಹಾರುವಾಗ ಇಂಜಿನ್ನಿಗೆ ನುಗ್ಗಿ ಅದನ್ನು ನಿಲ್ಲಿಸಿಬಿಡುತ್ತದೆ.

"ನೋಡ್ತೀನಿ ಮೂರ್ತಣ್ಣ," ಎಂದಳು ರಕ್ಷಾ. ಆ ದಿನ ಅವಳ ಫೋನು ಡ್ರಾಯರಿನಲ್ಲಿರಲಿಲ್ಲ, ಜೇಬಿನಲ್ಲಿತ್ತು. ನಾಯಕರು ಕೆರೆಗೆ ಬರುವ ಹೊತ್ತು ತಿಳಿಯಬೇಕಲ್ಲ.

ಮೂತಿ ನೋಡಿದಳು. ಎಡರೆಕ್ಕೆಗೆ ಬಂದಾಗ ಚನ್ನಮಲ್ಲಯ್ಯನ ಫೋನು ಬಂತು, ನಾಯಕರು ತುಮಕೂರು ಬಿಟ್ಟು ಆಗಲೇ ಸಿರಾ ಹತ್ತಿರ ಬಂದರಂತೆ. ಮತ್ತೆ ಮೂತಿಯಿಂದ ಶುರುಮಾಡಿದಳು. ಎಡರೆಕ್ಕೆಯ ಕೆಳಗೆ ಲೋಟ ಒತ್ತಿದಳು. ಶುದ್ಧ ನೀಲಿ ಇಳಿಯಿತು. ಲೋಟ ಹಿಡಿದೇ ಬಾಲದ ಕಡೆ ಹೋದಾಗ ಎರಡನೆಯ ಫೋನು ಬಂತು, ಹೂವಿನ ಗಾಡಿ ಗೇಟಿಗೆ ಬಂದಿದೆಯಂತೆ. ಈ ಸಲ ಅವಳು ಮೂತಿಗೆ ಹೋಗಲಿಲ್ಲ. ಬಾಲ ಮುಗಿಸಿ ಬಲರೆಕ್ಕೆಯ ಕೆಳಗೆ ಬಗ್ಗಿದಳು.

ಅಷ್ಟರಲ್ಲಿ ಗಾಡಿಯವರು ಚೆಂಡುಹೂವಿನ ಒದ್ದೆ ಚೀಲಗಳನ್ನು ಎಲ್ಲಾ ಒಂದೇ ಕಡೆಗೆ, ಸೀಟಿನ ಹಿಂದಕ್ಕೆ ತುರುಕುವುದು ಕಂಡಿತು. ಅಲ್ಲಿ ಅಷ್ಟು ಭಾರ ಬಿದ್ದರೆ ವಿಮಾನದ ಬಾಲ ಎಳೆಯುತ್ತದೆ. "ಏಯ್, ಅಲ್ಲಲ್ಲ!" ಎಂದು ಓಡಿದಳು. ಎರಡು ಚೀಲ ಇಳಿಸಿದಳು. ಜೇಬಿನಲ್ಲಿ ಫೋನು ಮತ್ತೆ ಒದರಿತು, ಚನ್ನಮಲ್ಲಯ್ಯನೇ.

"ಸಿರಾ ದಾಟಿಬುಟ್ರು ಮೇಡಂ! ಇನ್ನೂ ನೆಲದಾಗೇ ಇದೀರಲ್ಲ, ನನ್ ಮಾನ ಕಳೀತೀರಾ?"

"ಹೊರಟೆ ಸರ್, ಹೊರಟೆ."

ಬಲರೆಕ್ಕೆಯ ಹತ್ತಿರ ವಾಪಸು ಬಂದಳು. ಕೈಯಲ್ಲಿ ಲೋಟ ಇತ್ತು. ಲೋಟದ ತಳದಲ್ಲಿ ಎರಡು ಬೆರಳಿನಷ್ಟು ಶುದ್ಧ ನೀಲಿ ಪೆಟ್ರೋಲು ಇತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಗುಳ್ಳೆ ಇರಲಿಲ್ಲ. ಹುಲ್ಲಿನ ಮೇಲೆ ಚೆಲ್ಲಿ, ಚೆಕ್‌ಲಿಸ್ಟಿಗೆ ಟಿಕ್ ಹಾಕಿ ಸೈನ್ ಮಾಡಿದಳು.

"ಬಲಗಡೆದೂ ನೋಡಿದ್ರಾ ಮೇಡಂ?" ಅಂಜಿನಮೂರ್ತಿ ಒಳಗೆ ಹೂವಿನ ಚೀಲಗಳ ನಡುವೆ ಕಾಲಿಗೆ ಜಾಗ ಮಾಡಿಕೊಳ್ಳುತ್ತಾ ಕೇಳಿದ.

"ಹೂಂ, ಆಯ್ತು."

ಅವನು ಮತ್ತೆ ಕೇಳಲಿಲ್ಲ. ಪ್ರದಕ್ಷಿಣೆ ಮೇಡಂ ಆಯಿತು ಎಂದಮೇಲೆ ಕೇಳುವುದೇನಿದೆ.

ನಾನೂರು ಅಡಿ ಏರುವ ತನಕ ಎಲ್ಲ ಸರಿಯಾಗಿತ್ತು. ಮದಲೂರಿನ ಕಡೆ ತಿರುಗಿಸಲು ರೆಕ್ಕೆ ವಾಲಿಸಿದ ಕೂಡಲೆ ಇಂಜಿನ್ ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿ, ನಿಂತೇಹೋಯಿತು. ಗಾಳಿಯ ಶಬ್ದ ಮಾತ್ರ ಉಳಿಯಿತು. ರಕ್ಷಾ ಕೈಗೆ ಬಂದದ್ದನ್ನೆಲ್ಲ ಮಾಡಿದಳು. ಇಂಜಿನ್ ಮತ್ತೆ ಹಿಡಿಯಲಿಲ್ಲ. ಮುಂದೆ ಬಂಡೆಗಳಿದ್ದವು.

"ಮೇಡಂ, ಎಡಕ್ಕೆ, ಎಡಕ್ಕೆ! ಬೇವಿನ ಮರದ ಆಚೆ ಹೊಲದಾಗೆ ಕಲ್ಲಿಲ್ಲ," ಎಂದ ಅಂಜಿನಮೂರ್ತಿ. ಅವನ ದನಿಯಲ್ಲಿ ಗಾಬರಿ ಇರಲಿಲ್ಲ. ಕುರಿ ಕಾಯ್ದು ಬೆಳೆದ ನೆಲ ಅದು, ಅಂಗೈಯಷ್ಟು ಜಾಗವೂ ಅವನಿಗೆ ಗೊತ್ತಿತ್ತು.

ಅವನು ಹೇಳಿದ ಹೊಲಕ್ಕೇ ಇಳಿಸಿದಳು. ಕಲ್ಲಿರಲಿಲ್ಲ. ಆದರೆ ಮಳೆಗೆ ನೆಲ ಕೆಸರಾಗಿತ್ತು. ಮುಂದಿನ ಗಾಲಿ ಹೂತು ವಿಮಾನ ಬೆನ್ನ ಮೇಲೆ ಮಗುಚಿಕೊಂಡಿತು.

ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ರಕ್ಷಾಳಿಗೆ ಮೊದಲು ಕಂಡದ್ದು ಹಳದಿ. ಹೂವೆಲ್ಲ ಚೆಲ್ಲಿ ಚಾವಣಿಯ ಮೇಲೆ ಹಾಸಿಕೊಂಡಿತ್ತು. ಅದರ ಮೇಲೆ ಅಂಜಿನಮೂರ್ತಿ ಬಿದ್ದಿದ್ದ. ಕಿಟಕಿಗೆ ಕೈ ಸಿಗಲೆಂದು ಅವನು ಬೆಲ್ಟ್ ಬಿಚ್ಚಿಕೊಂಡಿದ್ದ. ಕಟ್ಟಿಕೋ ಎಂದು ಅವಳೂ ಹೇಳಿರಲಿಲ್ಲ. ಕತ್ತು ತಿರುಗಬಾರದ ಕಡೆ ತಿರುಗಿತ್ತು. ಹೊಲದವರು ಓಡಿ ಬಂದು ಬಾಗಿಲು ಒಡೆಯುವ ತನಕ ಅವಳು ಅವನ ಹೆಸರು ಕೂಗುತ್ತಲೇ ಇದ್ದಳು.

ಅವಳ ಎಡಗೈ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮೂರನೆಯ ದಿನ, ಹಾಸಿಗೆಯ ಮೇಲೆ ಸುಮ್ಮನೆ ಮಲಗಿದ್ದಾಗ, ಲೋಟದಲ್ಲಿದ್ದ ನೀಲಿ ಎಡಟ್ಯಾಂಕಿನದು ಎಂಬುದು ಅವಳಿಗೆ ತಿಳಿಯಿತು. ಯಾರೂ ಹೇಳಲಿಲ್ಲ. ಲೋಟವನ್ನು ಬಲರೆಕ್ಕೆಗೆ ಒತ್ತಿದ ನೆನಪಿಗಾಗಿ ಹುಡುಕಿದಳು. ಬಗ್ಗಿದ್ದು ಸಿಕ್ಕಿತು, ಓಡಿದ್ದು ಸಿಕ್ಕಿತು, ಒತ್ತಿದ್ದು ಸಿಗಲಿಲ್ಲ.

ಕ್ಯಾಪ್ಟನ್ ಚಂದ್ರಶೇಖರ್ ಅದೇ ದಿನ ಬಂದರು. ಅವಳು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು.

"ನನಗೇನೂ ಹೇಳ್ಬೇಡಮ್ಮ. ನಾಳೆ ತನಿಖೆಯವರು ಬರ್ತಾರೆ. ತಲೆಗೆ ಪೆಟ್ಟು ಬಿದ್ದಿದೆ, ನೆನಪಿಲ್ಲ ಅನ್ನು. ಚೆಕ್‌ಲಿಸ್ಟ್ ಮೇಲೆ ಟಿಕ್ ಇದೆ, ನಿನ್ನ ಸೈನ್ ಇದೆ. ಉಳಿದಿದ್ದು ಅವರು ನೋಡ್ಕೋತಾರೆ."

"ಮೂರ್ತಣ್ಣ ರಬ್ಬರ್ ವಿಷಯ ನಿಮಗೆ ಹೇಳಿದ್ರಂತೆ ಸರ್."

"ಬರೆದು ಕೊಟ್ಟಿರಲಿಲ್ಲ," ಎಂದರು ಕ್ಯಾಪ್ಟನ್.

ಮಂಚದ ಆಚೆ ಪಕ್ಕದಲ್ಲಿ ಕೂತಿದ್ದ ತಾಯಿ ನಾಗರತ್ನಮ್ಮ, ಅವರು ಹೋದಮೇಲೆ ಮಗಳ ಕಾಲು ಒತ್ತುತ್ತಾ ಹೇಳಿದಳು: "ಹೋದೋನು ಹೋದ. ನೀನು ಏನ್ ಹೇಳಿದ್ರೂ ಅವನು ಎದ್ದು ಬರ್ತಾನಾ? ನೀನಾದ್ರೂ ಉಳ್ಕೋ ಮಗಳೇ."

ಮಾರನೆಯ ದಿನ ತನಿಖೆಯವರು ಬಲಗಡೆಯ ಟ್ಯಾಂಕಿನ ವಿಷಯ ಕೇಳಿದಾಗ ರಕ್ಷಾ "ನೆನಪಿಲ್ಲ" ಎಂದಳು. ಎರಡನೆಯ ಸಲ ಕೇಳಿದಾಗಲೂ ಅದನ್ನೇ ಎಂದಳು. ಬರೆದುಕೊಂಡವರು ಓದಿ ಹೇಳಿದರು, ಅವಳು ಬಲಗೈಯಲ್ಲಿ ಸೈನ್ ಹಾಕಿದಳು.

ಏಳು ತಿಂಗಳ ಮೇಲೆ ವರದಿ ಬಂತು. ಹಾಳಾದ ರಬ್ಬರನ್ನು ಬದಲಾಯಿಸದೆ, ಅದನ್ನು ದಾಖಲೆಯಲ್ಲಿ ಬರೆಯದೆ, ವಿಮಾನ ಹಾರಾಟಕ್ಕೆ ಯೋಗ್ಯ ಎಂದು ತಂತ್ರಜ್ಞ ಸಹಿ ಮಾಡಿದ್ದೇ ಕಾರಣ ಎಂದಿತ್ತು. ಪೈಲಟ್ ನಿಯಮದಂತೆ ಪರಿಶೀಲನೆ ನಡೆಸಿದ್ದಾಳೆ ಎಂದೂ ಇತ್ತು. ಪೇಪರಿನವರು ಅದನ್ನು ಎರಡು ಪದಕ್ಕೆ ಇಳಿಸಿದರು: ಮೆಕ್ಯಾನಿಕ್ ನಿರ್ಲಕ್ಷ್ಯ.

ಹತ್ತನೆಯ ತಿಂಗಳು ಡಾಕ್ಟರು ಹಾರಬಹುದು ಎಂದರು. ಕೆಲಸಕ್ಕೆ ಮರಳಿದ ಮೊದಲ ಬೆಳಗ್ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ರಕ್ಷಾ ವಿಮಾನದ ಸುತ್ತು ತೋರಿಸತೊಡಗಿದಳು. ಮೂತಿ, ಎಡರೆಕ್ಕೆ, ಬಾಲ. ಬಲರೆಕ್ಕೆಯ ಕೆಳಗೆ ಬಗ್ಗಿ ಲೋಟ ಒತ್ತಿದಳು, ಚೆಲ್ಲಿದಳು. ಮತ್ತೆ ಒತ್ತಿದಳು, ಚೆಲ್ಲಿದಳು. ಆರನೆಯ ಸಲಕ್ಕೋ ಏಳನೆಯ ಸಲಕ್ಕೋ ಹುಡುಗಿ ಮೆಲ್ಲಗೆ, "ಮೇಡಂ, ನೀರೇನೂ ಇಲ್ಲ," ಎಂದಳು. ರಕ್ಷಾಳಿಗೆ ಅಲ್ಲಿಂದ ಏಳಲು ಆಗಲಿಲ್ಲ. ಬೂಟಿನ ಸುತ್ತಲ ನೆಲ ಪೆಟ್ರೋಲಿನಲ್ಲಿ ನೆನೆದಿತ್ತು.

ಆ ಮಧ್ಯಾಹ್ನವೇ ಆಫೀಸಿನಲ್ಲಿ ಕೂತು ತನಿಖಾ ಕಚೇರಿಗೆ ನಾಲ್ಕು ಪುಟ ಬರೆದಳು. ಲೋಟದ ವಿಷಯ, ಫೋನುಗಳ ವಿಷಯ, ಅಂಜಿನಮೂರ್ತಿ ಎರಡು ಸಲ ಎಚ್ಚರಿಸಿದ್ದು, ತಾನು ಆಯಿತು ಎಂದದ್ದು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು. ಒಂದು ಪ್ರತಿಯನ್ನು ಕ್ಯಾಪ್ಟನ್ ಮೇಜಿನ ಮೇಲಿಟ್ಟಳು. ಅವರು ನಿಂತೇ ಓದಿದರು.

"ಇದರಿಂದ ಯಾರಿಗೆ ಏನು ಸಿಗುತ್ತೆ ಹೇಳು," ಎಂದರು. ಬೈಯಲಿಲ್ಲ. ಅವರಿಗೆ ನಿಜವಾಗಿಯೂ ಅದು ತಿಳಿಯಬೇಕಿತ್ತು ಎಂಬಂತಿತ್ತು. ಅವಳು ಮೂಲ ಪ್ರತಿಯನ್ನು ಅಂಚೆಗೆ ಹಾಕಲು ಹೊರಟಳು.

ಕಚೇರಿಯಿಂದ ಆರು ವಾರದ ಮೇಲೆ ಎರಡು ಕಾಗದ ಬಂದವು. ಒಂದರಲ್ಲಿ, ತನಿಖೆ ಮುಗಿದಿರುವುದರಿಂದ ಅವಳ ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗಿದೆ ಎಂದಿತ್ತು. ಇನ್ನೊಂದರಲ್ಲಿ, ಸುಳ್ಳು ಹೇಳಿಕೆ ನೀಡಿದ ಕಾರಣಕ್ಕೆ ಅವಳ ಲೈಸೆನ್ಸ್ ರದ್ದಾಗಿತ್ತು. ವರದಿ ಇದ್ದ ಹಾಗೇ ಉಳಿಯಿತು.

ಅದಾದ ಮೇಲೆ ಅವಳು ಅಂಜಿನಮೂರ್ತಿಯ ಹಟ್ಟಿಗೆ ಹೋದಳು.

ಮಾರಣ್ಣ ಕುರಿರೊಪ್ಪದ ಬಾಗಿಲಲ್ಲಿ ಕೂತು ಒಂದು ಕುರಿಯ ಗೊರಸು ನೋಡುತ್ತಿದ್ದ. ಸೊಸೆ, ಅಂಜಿನಮೂರ್ತಿಯ ಹೆಂಡತಿ ಗಂಗಾಲಕ್ಷ್ಮಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ರಕ್ಷಾಳನ್ನು ಕಂಡು ಮೊರ ಹಿಡಿದು ಎದ್ದಳು, ಆದರೆ ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು. ರಕ್ಷಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಮಾರಣ್ಣ ಕುರಿಯ ಕಾಲು ಬಿಡದೆ ಕೇಳಿದ.

"ಅಂಗಾರೆ ನಮ್ ಹುಡ್ಗ ಯೋಳಿದ್ನಾ, ನೀರೈತೆ ನೋಡು ಅಂತ?"

"ಹೇಳಿದ್ರು. ಎರಡು ಸಲ."

"ನೀನು ನೋಡ್ನಿಲ್ಲ."

"ಇಲ್ಲ."

"ಅದು ನೋಡಾಕೆ ಎಷ್ಟೊತ್ತು ಹಿಡೀತೈತವ್ವ?"

"ಅರ್ಧ ನಿಮಿಷ."

"ಅರ್ಧ ನಿಮಿಷ," ಎಂದ ಮಾರಣ್ಣ. ಕುರಿಯ ಕಾಲು ಬಿಟ್ಟ. ಅದು ಕುಂಟುತ್ತಾ ಮಂದೆಯೊಳಗೆ ಸೇರಿಕೊಂಡಿತು. ಅವನು ಅದನ್ನೇ ನೋಡುತ್ತಾ, ಮಾತಿನ ಅಳತೆ ಸಿಗದವನಂತೆ ಇನ್ನೊಂದು ಸಲ ಅಂದ, "ಅರ್ಧ ನಿಮಿಷಾನಾ?"

ಗಂಗಾಲಕ್ಷ್ಮಿ ಅಳಲಿಲ್ಲ. "ವರ್ಸ ಆತು," ಎಂದಳು. "ವರ್ಸದಿಂದ ನನ್ ಮಗಳಿಗೆ ಇಸ್ಕೂಲಾಗೆ ನಿಮ್ಮಪ್ಪನೇ ಇಮಾನ ಬೀಳ್ಸಿದ್ದು ಅಂತ ಹಂಗಿಸ್ತಾವ್ರೆ. ನಮ್ಮತ್ತೆ ಅದೇ ಕೊರಗಲ್ಲಿ ಕಣ್ಮುಚ್ಚಿದ್ಲು. ಈಗ ಬಂದ್ ನಮ್ಮನೇಲಿ ನಿಂತ್ಕಂಡು ನಮ್ಗೆ ಯೋಳ್ತೀರಾ? ನಮ್ಗೇನು, ಆವಯ್ಯ ಎಂಥೋನು ಅಂತ ಗೊತ್ತಿರ್ನಿಲ್ವಾ? ಊರ್ನೋರಿಗ್ ಯೋಳಿ. ನಾಳೆ ಬೆಳಗ್ಗೆ ಡೈರಿತಾವ ಎಲ್ರೂ ಹಾಲು ಹಾಕಾಕೆ ಬತ್ತಾರೆ. ಅಲ್ಲಿ ಯೋಳಿ."

"ಬ್ಯಾಡ ಬುಡಮ್ಮ," ಎಂದ ಮಾರಣ್ಣ.

"ಬತ್ತೀನಿ ಅನ್ಲಿ ಮಾವ, ನೋಡಾನ."

"ಬರ್ತೀನಿ," ಎಂದಳು ರಕ್ಷಾ.

ಬೆಳಗ್ಗೆ ಮೊದಲ ಬಸ್ಸಿಗೆ ಹೋದಳು. ಡೈರಿಯ ಮುಂದೆ ಕ್ಯಾನು, ತಂಬಿಗೆ ಹಿಡಿದು ಮೂವತ್ತು ಜನ ಇದ್ದರು. ಕಟ್ಟೆ ಹತ್ತಿ ಹೇಳಿದಳು. ಮೊದಲು ದನಿ ಹೊರಡಲಿಲ್ಲ, "ಜೋರಾಗ್ ಯೋಳಮ್ಮ" ಎಂದರು ಯಾರೋ. ಜೋರಾಗಿ ಹೇಳಿದಳು. ಅಂಜಿನಮೂರ್ತಿಯದು ಏನೂ ತಪ್ಪಿಲ್ಲ, ತಪ್ಪು ನನ್ನದು, ಅವರು ಕೇಳಿದರು, ನಾನು ಆಯಿತು ಎಂದೆ. ಕೊನೆಯಲ್ಲಿ ಅಳು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಮೂರ್ನಾಲ್ಕು ಮಂದಿ ಫೋನು ಎತ್ತಿ ಹಿಡಿದಿದ್ದರು. ಗುಂಪಿನ ಹಿಂದೆ ಗಂಗಾಲಕ್ಷ್ಮಿ ಮಗಳ ಕೈ ಹಿಡಿದು ನಿಂತಿದ್ದಳು. ಅವಳ ಮುಖದ ಬಿಗಿ ಸ್ವಲ್ಪ ಸಡಿಲಿದಂತಿತ್ತು. ಯಾರೋ ಒಬ್ಬ ಮುದುಕ, "ಪಾಪ, ನಮ್ ಹುಡ್ಗ," ಎಂದದ್ದೂ ಕೇಳಿಸಿತು. ಆ ಬೆಳಗ್ಗೆ ಬಸ್ಸಿನಲ್ಲಿ ವಾಪಸಾಗುವಾಗ ರಕ್ಷಾ ವರ್ಷದಲ್ಲಿ ಮೊದಲ ಸಲ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು.

ಸಂಜೆಯ ಹೊತ್ತಿಗೆ ಆ ವಿಡಿಯೊ ಗೌಡಗೆರೆ, ಸಿರಾ, ಕೊರಟಗೆರೆ ಎಲ್ಲ ಕಡೆ ಓಡಾಡಿತು. ಅವಳ ಮಾತುಗಳನ್ನು ಯಾರೋ ಕತ್ತರಿಸಿದ್ದರು. ಉಳಿದದ್ದು ಅವಳು ಅಳುವುದು, ಮೂರ್ತಣ್ಣ ಎನ್ನುವುದು, ಮತ್ತೆ ಅಳುವುದು. ಸತ್ತ ಮೆಕ್ಯಾನಿಕ್‌ಗಾಗಿ ಲೇಡಿ ಪೈಲಟ್ ಕಣ್ಣೀರು, ಏನಿತ್ತು ಇವರ ನಡುವೆ ಎಂದು ಮೇಲೆ ಬರೆದಿದ್ದರು. ಅಣ್ಣ ಎಂದು ಕರೆಯುವುದು ಮರೆಮಾಚಲಿಕ್ಕೆ ಎಂದು ಒಬ್ಬರೆಂದರು. ಒಳಗೆ ಇಬ್ಬರೂ ಏನು ಮಾಡುತ್ತಿದ್ದರೋ, ಅದಕ್ಕೇ ವಿಮಾನ ಬಿತ್ತು ಎಂದು ಇನ್ನೊಬ್ಬರೆಂದರು. ನೀರಿನ ವಿಷಯ, ಲೋಟದ ವಿಷಯ ಯಾರ ಬಾಯಲ್ಲೂ ಇರಲಿಲ್ಲ. ಕೇಳಲು ಅದರಲ್ಲಿ ಸ್ವಾರಸ್ಯವಿರಲಿಲ್ಲ.

ಮೂರನೆಯ ದಿನ ಗಂಗಾಲಕ್ಷ್ಮಿಯ ಫೋನು ಬಂತು.

"ಮೇಡಂ, ನಿರ್ಲಕ್ಷ್ಯ ಅಂತಿದ್ರಲ್ಲ, ಅದೇ ವಾಸಿ ಇತ್ತು," ಎಂದಳು. ಅವಳ ದನಿ ಕೀರಲಾಗಿತ್ತು. "ನಮ್ಮಟ್ಟಿಯೋರೂ ಈಗ ನನ್ ಮುಖ ನೋಡಿ ಸುಮ್ಕಾಗ್ತಾರೆ. ಏನಿತ್ತು ಮೇಡಂ?"

"ಏನೂ ಇರಲಿಲ್ಲ ಗಂಗಕ್ಕ. ದೇವರಾಣೆ. ಏನೂ ಇರಲಿಲ್ಲ."

"ನನ್ಗೊತ್ತು," ಎಂದಳು ಗಂಗಾಲಕ್ಷ್ಮಿ. "ಗೊತ್ತು ಅಂತ ಅನ್ಕಂಡೀನಿ. ಇನ್ ನಮ್ ಕಡೆ ಬರಬ್ಯಾಡಿ."

ರಕ್ಷಾ ಪೊಲೀಸರ ಹತ್ತಿರ ಹೋದಳು. ವಿಡಿಯೊ ತೆಗೆಸುತ್ತೇವೆ ಎಂದರು. ಒಂದು ಕಡೆ ತೆಗೆದರೆ ಹತ್ತು ಕಡೆ ಇತ್ತು. ಮಧುಗಿರಿಯಲ್ಲಿ ನಾಗರತ್ನಮ್ಮ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದಳು. ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ತಟ್ಟೆ ಹಾಕಿ, ಅನ್ನ ಬಡಿಸಿ, ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ಕೆಲಸ ಕೇಳಿಕೊಂಡು ರಕ್ಷಾ ಪಾವಗಡಕ್ಕೆ ಹೋದಳು. ಅಲ್ಲಿ ಸೋಲಾರ್ ಪಾರ್ಕಿನ ಗುತ್ತಿಗೆದಾರನೊಬ್ಬ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ ಕೊಟ್ಟ. ಅವಳ ಹೆಸರು ಕೇಳಿ ಒಂದು ಸಲ ಮುಖ ನೋಡಿದ, ಅಷ್ಟೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಮಾರಣ್ಣ ಕಂಡ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಬಾಳೆಹಣ್ಣಿನ ಚಿಪ್ಪು. ಗಂಗಾಲಕ್ಷ್ಮಿ ಮಗಳನ್ನು ಕರೆದುಕೊಂಡು ನಿಡುಗಲ್ ಹತ್ತಿರದ ತವರಿಗೆ ಬಂದುಬಿಟ್ಟಿದ್ದಾಳಂತೆ. ಮೊಮ್ಮಗಳನ್ನು ನೋಡಲು ಹೊರಟಿದ್ದ. ಅವಳು ದೂರ ಸರಿದುಹೋಗಬೇಕೆಂದಿದ್ದಳು. ಅವನೇ ಕೂಗಿದ.

"ಬಾರವ್ವ, ಕುಂತ್ಕ."

ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಎದುರಿನ ಹೋಟೆಲಿನಿಂದ ಯಾರೋ ತೆಲುಗಿನಲ್ಲಿ ಟೀ ಕೂಗುತ್ತಿದ್ದರು.

"ಮೊಮ್ಮಗಳು ಹೊಸ ಇಸ್ಕೂಲಿಗೆ ಹೋಯ್ತಾಳೆ," ಎಂದ ಮಾರಣ್ಣ. "ಅಲ್ಲಿ ಯಾರ್ಗೂ ಗೊತ್ತಿಲ್ವಂತೆ. ಅಪ್ಪ ಹೆಂಗ್ ಸತ್ತ ಅಂತ ಕೇಳಿದ್ರೆ ಜ್ವರ ಬಂದಿತ್ತು ಅನ್ನು ಅಂತ ಅವಳವ್ವ ಯೋಳ್ಕೊಟ್ಟವಳೆ."

ರಕ್ಷಾ ತಲೆ ತಗ್ಗಿಸಿದಳು.

"ನೀನ್ ಯೋಳಿದ್ದು ನಿಜ ಅಂತ ನಂಗೊತ್ತು ಕಣವ್ವ. ನನ್ ಮಗ ಕೆಲ್ಸದಾಗೆ ತಪ್ಪೋನಲ್ಲ. ನಂಗೊಬ್ನಿಗೆ ಗೊತ್ತಿದ್ದು ಏನ್ ಮಾಡಾನ?"

ನಿಡುಗಲ್ಲಿನ ಬಸ್ಸು ಬಂತು. ಅವನು ಎದ್ದು, ಚಿಪ್ಪಿನಿಂದ ಎರಡು ಹಣ್ಣು ಮುರಿದು ಬೆಂಚಿನ ಮೇಲೆ ಅವಳ ಪಕ್ಕಕ್ಕಿಟ್ಟ. ಗಂಗಾಲಕ್ಷ್ಮಿಗೆ ಏನಾದರೂ ಹೇಳಬೇಕೇ ಎಂದು ಕೇಳಲಿಲ್ಲ. ಬಸ್ಸು ಜನ ತುಂಬಿಕೊಂಡು ಹೊರಟಿತು. ಮಧ್ಯಾಹ್ನದ ಪಾಳಿಗೆ ಗೇಟು ಸೇರಲು ಅವಳಿಗೆ ಹೊತ್ತಾಗಿತ್ತು. ಆದರೂ ಬಿಸಿಲು ಬೆಂಚಿನ ಮೇಲೆ ಬರುವ ತನಕ ಅಲ್ಲೇ ಕೂತಿದ್ದಳು.